ಮಾತೆಯನ್ನು ಕೆಳಗಿಟ್ಟ ಅಕ್ಟೋಬರ್

ದೊಡ್ಡಬಳ್ಳಾಪುರದ ನಮ್ಮ ಹಳೆಯ ಬೀದಿಗೆ ಕಾಲಿಟ್ಟರೆ ಮೊದಲು ಕೇಳುವುದು ಮಗ್ಗದ ಸದ್ದು, ಆಮೇಲೆ ಬರುವುದು ವಾಸನೆ. ಮೆಷಿನ್ ಎಣ್ಣೆ, ಬಣ್ಣದ ನೂಲು, ಚರಂಡಿ, ಯಾರದೋ ಮನೆಯ ಸಾರಿನ ಒಗ್ಗರಣೆ ಎಲ್ಲ ಬೆರೆತ ವಾಸನೆ ಅದು. ಮಳೆ ಬಂದು ನಿಂತಿದ್ದರೆ ಇನ್ನೂ ಹೆಚ್ಚು. ಹೋದ ಅಕ್ಟೋಬರಿನಲ್ಲಿ ಅದೇ ಬೀದಿಯಲ್ಲಿರುವ ತಂಗಿಯ ಮನೆಗೆ ಜಪಸರದ ಪ್ರಾರ್ಥನೆ ಬರುವ ದಿನ ನೆಲಮಂಗಲದಿಂದ ಬಸ್ ಹಿಡಿದು ಹೋಗಿದ್ದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಇಳಿಯುವ ಹೊತ್ತಿಗೆ ಮಳೆಯೂ ನಿಂತಿತ್ತು. ಇಂಥ ಚಿಕ್ಕಪುಟ್ಟದ್ದನ್ನೆಲ್ಲ ನಾನು ದೇವರ ಉಪಕಾರವೆಂದೇ ಎಣಿಸುವವಳು. ನಮ್ಮ ಯಜಮಾನರು ಇದಕ್ಕೆ ನಗುತ್ತಾರೆ, ನಗಲಿ.

ಪ್ರಾರ್ಥನೆ ಮುಗಿದ ಮೇಲೆ ಎಲ್ಲರ ಕೈಗೂ ಪೇಪರ್ ಲೋಟದಲ್ಲಿ ಟೀ, ಎರಡೆರಡು ಬಿಸ್ಕತ್ತು ಬಂತು. ಆ ವಲಯದಲ್ಲಿ ಜಪಸರದ ದಿನ ಅದಕ್ಕಿಂತ ಹೆಚ್ಚು ಕೊಡುವಂತಿಲ್ಲ. ಆ ನಿಯಮ ಹುಟ್ಟಿದ ವರ್ಷ ನಾನು ಆ ಬೀದಿಯಲ್ಲೇ ಇದ್ದೆ. ಅದು ಹೇಗೆ ಹುಟ್ಟಿತೆಂದು ಬಲ್ಲವರು ಈಗ ಲೂರ್ದಮ್ಮ ಮತ್ತು ನಾನು ಇಬ್ಬರೇ. ಹೆಸರುಗಳನ್ನು ಬದಲಾಯಿಸಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ನಮ್ಮ ಪದ್ಧತಿ ಹೇಳಿಬಿಡುತ್ತೇನೆ. ಅಕ್ಟೋಬರ್ ನಮಗೆ ಜಪಸರದ ತಿಂಗಳು. ಚರ್ಚಿನವರು ಊರನ್ನು ವಲಯಗಳಾಗಿ ಹಂಚಿರುತ್ತಾರೆ. ಒಂದೊಂದು ವಲಯದಲ್ಲೂ ಮಾತೆ ಮರಿಯಮ್ಮನವರ ಪ್ರತಿಮೆ ಒಂದೊಂದು ಸಂಜೆ ಒಂದೊಂದು ಮನೆಗೆ ಹೋಗುತ್ತದೆ. ಅಕ್ಕಪಕ್ಕದವರೆಲ್ಲ ಸೇರಿ ಮಣಿ ಎಣಿಸುತ್ತಾ ಪ್ರಾರ್ಥನೆ ಹೇಳುತ್ತೇವೆ. ರಾತ್ರಿ ಮಾತೆ ಆ ಮನೆಯಲ್ಲೇ ಇದ್ದು, ಮಾರನೆಯ ಸಂಜೆ ಆ ಮನೆಯವರ ಕೈಯಲ್ಲೇ ಮೆರವಣಿಗೆಯಾಗಿ ಮುಂದಿನ ಮನೆಗೆ ಹೊರಡುತ್ತಾರೆ. ಇದರಲ್ಲಿ ಒಂದು ಕಟ್ಟುನಿಟ್ಟು: ಮಾತೆಯನ್ನು ನೆಲಕ್ಕೆ ತಾಗಿಸಬಾರದು. ಕೈಯಿಂದ ಪೀಠಕ್ಕೆ, ಪೀಠದಿಂದ ಕೈಗೆ. ಇದನ್ನು ಹೇಳಿಕೊಟ್ಟವರು ಗುರುಗಳಲ್ಲ, ನಮ್ಮ ಅತ್ತೆಯರು. ಅದಕ್ಕೇ ಯಾರೂ ಮೀರುತ್ತಿರಲಿಲ್ಲ. ನಮ್ಮ ವಲಯದ ಪ್ರತಿಮೆ ಹಳೆಯದು, ಭಾರ. ಮಗುವನ್ನು ಎತ್ತಿಕೊಂಡಂತೆ ಎರಡೂ ಕೈ ಕೊಟ್ಟು ಹಿಡಿಯಬೇಕು.

ನಾನು ಮದುವೆಯಾಗಿ ಬಂದಾಗ ಪ್ರಾರ್ಥನೆ ಮುಗಿದ ಮೇಲೆ ಕಡ್ಲೆಪುರಿ ಕೊಡುತ್ತಿದ್ದರು. ಆಮೇಲೆ ಒಬ್ಬರು ಚಿತ್ರಾನ್ನ ಮಾಡಿದರು. ಪಕ್ಕದವರು ಕೇಸರಿಬಾತ್ ಸೇರಿಸಿದರು. ಅದರ ಪಕ್ಕದವರು ಪಲಾವ್. ಬಾಗಿಲಿಗೆ ಹೂವಿನ ಕಮಾನು, ಸೀರಿಯಲ್ ಲೈಟು, ಆಟೋ ಮೇಲೆ ಮೈಕು ಒಂದೊಂದಾಗಿ ಬಂದವು. ಮಾತೆ ಬರುವ ವಾರ ಗೋಡೆಗೆ ಬಣ್ಣ ಹೊಡೆಸುವವರೂ ಇದ್ದರು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಹಿಂದಿನ ದಿನದವರಿಗಿಂತ ಕಡಿಮೆಯಾದರೆ ಮಾತೆಗೆ ಕಡಿಮೆ ಮಾಡಿದ ಹಾಗೆ ಎಂಬ ಭಾವನೆ ಹೇಗೋ ನಮ್ಮೆಲ್ಲರಲ್ಲಿ ಬೆಳೆದುಬಿಟ್ಟಿತ್ತು.

ಇದನ್ನೆಲ್ಲ ನಡೆಸುತ್ತಿದ್ದವರು ಸ್ಟೆಲ್ಲಾ ಟೀಚರ್. ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಎತ್ತರದ ಆಳು, ಅಂಚಿನ ಸೀರೆ, ಕತ್ತಿನಲ್ಲಿ ದೂರಕ್ಕೂ ಕಾಣುವ ಶಿಲುಬೆ. ಮೈಕ್ ಕೈಗೆ ಸಿಕ್ಕರೆ ಬಿಡುತ್ತಿರಲಿಲ್ಲ. ಮೈಕ್ ಇಲ್ಲದಿದ್ದರೂ ಅವರ ದನಿ ಬಸ್‌ಸ್ಟ್ಯಾಂಡಿಗೆ ಕೇಳುತ್ತಿತ್ತು. ಅವರಿಲ್ಲದಿದ್ದರೆ ನಮ್ಮ ವಲಯದಲ್ಲಿ ಒಂದು ಮೇಣದಬತ್ತಿಯೂ ಹೊತ್ತುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಆ ವರ್ಷ ಸೆಪ್ಟೆಂಬರ್ ಕೊನೆಗೆ ಮನೆಗಳನ್ನು ಹಂಚಲು ಟೀಚರ್ ಮನೆಯ ಜಗಲಿಯಲ್ಲಿ ಸೇರಿದ್ದೆವು. ಲೂರ್ದಮ್ಮನೂ ಬಂದಿದ್ದಳು. ನೂಲನ್ನು ಸಣ್ಣ ಕೊಳವೆಗೆ ಸುತ್ತಿ ಮಗ್ಗದವರಿಗೆ ಕೊಡುವ ಕೆಲಸ ಅವಳದು. ಅದನ್ನು ಕಂಡಿಕೆ ಸುತ್ತುವುದು ಎನ್ನುತ್ತಾರೆ. ಗಂಡ ತೀರಿಕೊಂಡಿದ್ದ. ನಾರಾಯಣಪ್ಪನವರ ಮಗ್ಗದ ಶೆಡ್ಡಿಗೆ ಅಂಟಿಕೊಂಡ ಒಂದೇ ಕೋಣೆಯ ಮನೆಯಲ್ಲಿ ಅವಳು, ಅವಳ ಅತ್ತೆ ಅಂತೋಣಮ್ಮಜ್ಜಿ. ಮೈಕು ಬರುವುದಕ್ಕೆ ಮುಂಚೆ ನಮ್ಮ ವಲಯದಲ್ಲಿ ಜಪಸರ ಹೇಳಿಸುತ್ತಿದ್ದವರು ಈ ಅಜ್ಜಿಯೇ. ಆ ವರ್ಷದ ಈಸ್ಟರ್ ಹೊತ್ತಿಗೆ ಬಚ್ಚಲಿನಲ್ಲಿ ಜಾರಿ ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದರು. ಮಲಗಿ ಮಲಗಿ ಬೆನ್ನೆಲ್ಲ ಹುಣ್ಣಾಗಿತ್ತು.

"ನಮ್ಮನೇಗೂ ಒಂದ್ ದಿನ ಹಾಕಿ ಟೀಚರ್" ಎಂದಳು ಲೂರ್ದಮ್ಮ.

"ಬೇಜಾರ್ ಮಾಡ್ಕೋಬೇಡ ಲೂರ್ದು. ಐವತ್ತು ಜನ ಬರ್ತಾರೆ. ಎಲ್ಲಿ ಕೂರಿಸ್ತೀಯ?"

"ಹೊರಗಡೆ ಚಾಪೆ ಹಾಸ್ತೀನಿ."

"ಮಳೆ ಬಂದ್ರೆ?"

"ನಾರಾಯಣಪ್ಪನೋರ ಶೆಡ್ಡಿನ ಸೂರಿದೆಯಲ್ಲಾ ಟೀಚರ್."

"ಪಕ್ಕದಲ್ಲೇ ಮಗ್ಗ ಓಡ್ತಿರತ್ತೆ. ಆ ಖಟಖಟದಲ್ಲಿ ನಮೋ ಮರಿಯಾ ಕೇಳಿಸುತ್ತಾ?"

ಕೆಲವರು ನಕ್ಕರು. ಹಿಂದಿನಿಂದ ಯಾರೋ, "ತಿಂಡಿ ಏನ್ ಕೊಡ್ತೀಯಮ್ಮ?" ಎಂದು ಕೇಳಿದರು. ಲೂರ್ದಮ್ಮ ತಲೆ ತಗ್ಗಿಸಿದಳು. ನಿಜವಾದ ಕಾರಣ ಯಾರ ಬಾಯಲ್ಲೂ ಬರಲಿಲ್ಲ. ಆ ಕೋಣೆಯ ಬಾಗಿಲು ತೆರೆದರೆ ಹುಣ್ಣಿನ ವಾಸನೆ ಬೀದಿಗೆ ಬರುತ್ತಿತ್ತು. ಹೂವಿನ ಕಮಾನಿನ ಪಕ್ಕ ಅದನ್ನಿಡಲು ನಮ್ಮಲ್ಲಿ ಯಾರಿಗೂ ಮನಸ್ಸಿರಲಿಲ್ಲ.

ಕೊನೆಗೆ ಟೀಚರೇ ಒಂದು ದಾರಿ ಹೇಳಿದರು. "ಮೆರವಣಿಗೆ ಹೋಗೋವಾಗ ನಿಮ್ಮ ಬಾಗಿಲಲ್ಲಿ ನಿಲ್ಲಿಸ್ತೀವಿ. ಹತ್ತು ಮಣಿ ಹೇಳಿ ಮುಂದಕ್ಕೆ ಹೋಗ್ತೀವಿ. ಆಯ್ತಾ?"

"ಆಯ್ತು ಟೀಚರ್" ಎಂದಳು.

ತಿಂಗಳ ಮೊದಲ ವಾರದಲ್ಲೇ ಹಾಗೆ ನಿಲ್ಲಿಸಿದೆವು. ತುಂತುರು ಮಳೆ. ಮೈಕಿನ ಆಟೋ ಮುಂದೆ, ಕೊಡೆಗಳ ಸಾಲು ಹಿಂದೆ. ಹತ್ತು ಮಣಿ ಮುಗಿಯುತ್ತಲೇ ಎಲ್ಲರೂ ಹೊರಟೆವು. ಅಜ್ಜಿಯ ಮಂಚ ಇದ್ದದ್ದು ಒಳಮೂಲೆಯಲ್ಲಿ, ನೂಲು ಸುತ್ತುವ ಮೆಷಿನ್ನಿನ ಹಿಂದೆ. ಅಲ್ಲಿಂದ ಬಾಗಿಲು ಕಾಣುವುದಿಲ್ಲ. ನಮಗದು ತೋಚಲಿಲ್ಲ.

ಮಾರನೆಯ ಬೆಳಿಗ್ಗೆ ರಾಗಿ ಅಂಬಲಿ ತೆಗೆದುಕೊಂಡು ಹೋಗಿದ್ದೆ. ಅಜ್ಜಿ ಕಣ್ಣು ಬಿಟ್ಟು ಕೇಳಿದರು. "ಫಿಲೋಮಿನಾ, ನಿನ್ನೆ ಬಾಗಿಲಿಗೆ ಬಂದಿದ್ದು ಯಾರೇ?"

"ಮಾತೆ ಬಂದಿದ್ರಲ್ಲಾ ಅಜ್ಜಿ."

"ಬಾಗಿಲಲ್ಲೇ ನಿಂತು ಹೊರಟೋಗೋಕೆ ಅವ್ಳೇನು ಕರೆಂಟ್ ಬಿಲ್ ಕೊಡೋಳಾ?"

ಲೂರ್ದಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ. ಅಜ್ಜಿ ಮಾತ್ರ ನಗಲಿಲ್ಲ. ಆ ಮಾತು ನಲ್ಲಿಯ ಹತ್ತಿರ ಹೋಯಿತು, ನಲ್ಲಿಯಿಂದ ಬೀದಿಗೆ ಹೋಯಿತು, ಭಾನುವಾರದ ಹೊತ್ತಿಗೆ ಟೀಚರ್ ಕಿವಿಗೂ ಬಿತ್ತು. ಪೂಜೆ ಮುಗಿಸಿ ಬರುವಾಗ ಚರ್ಚಿನ ಮೆಟ್ಟಿಲ ಮೇಲೆ ನನ್ನನ್ನು ತಡೆದರು.

"ನಾನೇನು ಕಲ್ಲಾ ಫಿಲೋ? ಒಬ್ರಿಗೆ ಹಾಗೆ, ಒಬ್ರಿಗೆ ಹೀಗೆ ಮಾಡೋಕಾಗತ್ತಾ? ಇಷ್ಟು ಜನಾನ ಸೇರಿಸಿ ನಡೆಸೋದು ಎಷ್ಟು ಕಷ್ಟ ಅಂತ ಮಲಗಿರೋರಿಗೆ ಏನ್ ಗೊತ್ತು?"

ಟೀಚರ್ ನನ್ನ ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದು ಹೋದರು.

ಆ ತಿಂಗಳು ಮಳೆ ಬಿಡಲೇ ಇಲ್ಲ. ಒಗೆದ ಬಟ್ಟೆ ಅಡುಗೆಮನೆಯಲ್ಲೇ ಒಣಗಬೇಕು. ಬಣ್ಣದ ನೂಲು ಒಣಗದೆ ಮಗ್ಗದವರ ಕೆಲಸ ನಿಧಾನವಾಯಿತು. ಲೂರ್ದಮ್ಮನಿಗೆ ಹಗಲು ಕಂಡಿಕೆ, ರಾತ್ರಿ ಅಜ್ಜಿ. ದಸರೆ ಮುಗಿಯುವ ಹೊತ್ತಿಗೆ ಅಜ್ಜಿ ಅಂಬಲಿಯನ್ನೂ ಬಿಟ್ಟರು. ಡಾಕ್ಟರು ಬಂದು ನೋಡಿ, ಇನ್ನು ಹೆಚ್ಚು ದಿನವಿಲ್ಲ ಎಂದು ಹೇಳಿ ಹೋದರು. ಫಾದರ್ ಬಂದು ರೋಗಿಗಳಿಗೆ ಹಚ್ಚುವ ತೈಲ ಹಚ್ಚಿ ಪ್ರಾರ್ಥಿಸಿದರು.

"ಫಾದರ್ ಬಂದು ಹೋದ್ರಲ್ಲಾ, ಇನ್ನೇನು ಬೇಕು ಅಂದ್ರೆ, ಅವ್ಳ ಮುಖ ಒಂದ್ಸಲ ನೋಡ್ಬೇಕು ಅಂತಾರಕ್ಕಾ" ಎಂದಳು ಲೂರ್ದಮ್ಮ. "ಪಟ ತೋರಿಸ್ದೆ. ಪಟ ಬೇಡ, ಇಷ್ಟ್ ವರ್ಷ ನಾನೇ ಹೊತ್ಕೊಂಡ್ ಹೋಗ್ತಿದ್ದ ಮಾತೇನೇ ಬೇಕು ಅಂತಾರೆ. ನಾನ್ ಯಾರನ್ನ ಕೇಳ್ಲಿ?"

ನಮ್ಮ ಮನೆಯ ಸರದಿ ಹತ್ತಿರ ಬರುತ್ತಿತ್ತು. ಮಾತೆ ನಮ್ಮ ಮನೆಗೆ ಬಂದ ಮಾರನೆಯ ಬೆಳಿಗ್ಗೆ ಎತ್ತಿಕೊಂಡು ಹೋಗಿ ತೋರಿಸಿ ಬರೋಣವೆಂದು ನಾನು ಅಂದುಕೊಂಡಿದ್ದೆ. ಅಷ್ಟು ದಿನ ಅಜ್ಜಿ ಇರುತ್ತಾರೋ ಇಲ್ಲವೋ ಎಂಬುದೊಂದೇ ಅಳುಕು. ಪ್ರತಿದಿನ ಬೆಳಿಗ್ಗೆ ಲೂರ್ದಮ್ಮನ ಮೆಷಿನ್ನಿನ ಸದ್ದು ಕೇಳಿದರೆ, ಇವತ್ತೂ ಅಜ್ಜಿ ಇದ್ದಾರೆ ಎಂದು ದೇವರಿಗೆ ಸ್ತೋತ್ರ ಹೇಳುತ್ತಿದ್ದೆ.

ನಮ್ಮ ಹಿಂದಿನ ಸರದಿ ಸ್ಟೆಲ್ಲಾ ಟೀಚರ್ ಮನೆಯದು. ಅಂಥ ಸಡಗರವನ್ನು ನಮ್ಮ ಬೀದಿ ನೋಡಿರಲಿಲ್ಲ. ಬಾಗಿಲಿನ ಕಮಾನನ್ನು ಬೆಂಗಳೂರಿನಿಂದ ತರಿಸಿದ್ದರು. ಪೀಠದ ಹಿಂದೆ ನೀಲಿ ಪರದೆ, ಅದರ ತುಂಬ ಮಿಣಮಿಣ ದೀಪ. ಕೊನೆಗೆ ಎಲ್ಲರಿಗೂ ಚಿಕನ್ ಬಿರಿಯಾನಿ. ತಿಂದವರೆಲ್ಲ ಹೊಗಳಿದರು, ನಾನೂ ಹೊಗಳಿದೆ, ಚೆನ್ನಾಗಿತ್ತು. ನಾಳೆ ನನ್ನ ಚಿತ್ರಾನ್ನಕ್ಕೆ ಯಾವ ಮರ್ಯಾದೆ ಎಂದು ಯೋಚಿಸುತ್ತಾ ಮನೆಗೆ ಬಂದೆ.

ಮಾರನೆಯ ಮಧ್ಯಾಹ್ನ ಅನ್ನ ಬಸಿದು ತಟ್ಟೆಯಲ್ಲಿ ಹರಡಿದ್ದೆ. ಕಡಲೆಕಾಳು ಒಲೆಯ ಮೇಲಿತ್ತು. ಗೇಟು ಸದ್ದಾಯಿತು. ನೋಡಿದರೆ ಸ್ಟೆಲ್ಲಾ ಟೀಚರ್. ಯಾವುದೋ ಮದುವೆಯ ಊಟ ಮುಗಿಸಿ ಬಂದವರು, ಮೈಮೇಲೆ ಇನ್ನೂ ರೇಷ್ಮೆ ಸೀರೆ. ಮಳೆ ಹನಿಯುತ್ತಿದ್ದರೂ ಕೊಡೆಯಿಲ್ಲ, ಹಿಡಿಯಲು ಕೈ ಬಿಡುವಿರಲಿಲ್ಲ. ಟರ್ಕಿ ಟವೆಲ್ಲಿನಲ್ಲಿ ಸುತ್ತಿದ ಏನನ್ನೋ ಎರಡೂ ಕೈಯಲ್ಲಿ ಎದೆಗವಚಿಕೊಂಡಿದ್ದರು. ಟವೆಲ್ಲಿನ ತುದಿಯಿಂದ ಮಾತೆಯ ಕಿರೀಟ ಕಾಣುತ್ತಿತ್ತು.

"ಒಲೆ ಆರಿಸು. ಬಾ ನನ್ ಜೊತೆ."

"ಎಲ್ಲಿಗೆ ಟೀಚರ್?"

"ಕರೆಂಟ್ ಬಿಲ್ ಕೊಡೋಕೆ" ಎಂದರು. ಮುಖದಲ್ಲಿ ನಗುವಿರಲಿಲ್ಲ.

ಬೀದಿಯಲ್ಲಿ ಯಾರೂ ಇರಲಿಲ್ಲ. ಲೂರ್ದಮ್ಮ ಸುತ್ತಿದ ಕಂಡಿಕೆ ಕೊಟ್ಟು ಬರಲು ಹೋಗಿದ್ದಳು. ಬಾಗಿಲಿಗೆ ಹೊರಗಿನಿಂದ ಒಂದು ದಾರ ಕಟ್ಟಿತ್ತು, ಬಿಚ್ಚಿ ಒಳಗೆ ಹೋದೆವು. ವಾಸನೆ ಎದುರಿಗೇ ಬಂತು. ಟೀಚರ್ ಒಂದು ಹೆಜ್ಜೆ ಹಿಂದಿಟ್ಟದ್ದನ್ನು ನೋಡಿದೆ. ಮತ್ತೆ ಮುಂದೆ ಬಂದು ಟವೆಲ್ ತೆಗೆದರು.

"ಯಾರು?" ಎಂದರು ಅಜ್ಜಿ.

"ನಾನು ಸ್ಟೆಲ್ಲಾ, ಅಜ್ಜಿ. ನೋಡಿ, ಯಾರನ್ನ ಕರ್ಕೊಂಡ್ ಬಂದಿದ್ದೀನಿ."

ಅಜ್ಜಿ ನೋಡಿದರು. ಆದರೆ ಮುಖ ಹಿಂಡಿಕೊಂಡಿತು. "ಲೂರ್ದು ಹೋಗಿ ಬಹಳ ಹೊತ್ತಾಯ್ತು ಕಣಮ್ಮ. ಕೆಳಗೆಲ್ಲ ಒದ್ದೆ. ಹುಣ್ಣು ಉರೀತಾ ಇದೆ" ಎಂದರು. ಮೂಲೆಯಲ್ಲಿದ್ದ ಬಕೆಟ್ ಎತ್ತಿಕೊಂಡು ನಾನು ನಾರಾಯಣಪ್ಪನವರ ಅಂಗಳದ ನಲ್ಲಿಗೆ ಓಡಿದೆ. ಮಗ್ಗದವರು ನೂಲಿಗಾಗಿ ಕಾಯಿಸಿದ್ದ ಬಿಸಿನೀರನ್ನೂ ಒಂದಷ್ಟು ಕೊಟ್ಟರು.

ಬಕೆಟ್ ಹಿಡಿದು ಬಾಗಿಲಿಗೆ ಬಂದಾಗ ಟೀಚರ್ ಇನ್ನೂ ಕೋಣೆಯ ನಡುವೆ ಹಾಗೆಯೇ ನಿಂತಿದ್ದರು. ಮಾತೆಯನ್ನು ಹಿಡಿದು ಸುತ್ತ ನೋಡುತ್ತಿದ್ದರು. ಮೆಷಿನ್ನಿನ ಮೇಲೆ ನೂಲು. ಇದ್ದೊಂದು ಕುರ್ಚಿಯ ಮೇಲೆ ನೀರು ತೊಟ್ಟಿಕ್ಕುವ ಹಾಸಿಗೆ ಬಟ್ಟೆ. ಅಟ್ಟದ ಮೇಲೆ ಪಾತ್ರೆಗಳು. "ಎಲ್ಲಿಡ್ಲಿ ಫಿಲೋ, ಎಲ್ಲಿಡ್ಲಿ?" ಎನ್ನುತ್ತಿದ್ದರು. ಅಷ್ಟರಲ್ಲಿ ಅಜ್ಜಿ ತಾವೇ ಮಗ್ಗುಲಾಗಲು ಹೋಗಿ ಮಂಚದ ಅಂಚಿಗೆ ಸರಿದುಬಿಟ್ಟಿದ್ದರು. ಒಂದು ಕೈಯಲ್ಲಿ ಮಂಚದ ಪಟ್ಟಿಯನ್ನು ಹಿಡಿದುಕೊಂಡಿದ್ದರು.

"ಅವ್ಳನ್ನ ಕೆಳಗಿಡು ತಾಯಿ" ಎಂದರು ಅಜ್ಜಿ. "ಅವ್ಳು ಕಾಯ್ತಾಳೆ. ನನ್ ಕೈಲಾಗಲ್ಲ."

ಟೀಚರ್ ನನ್ನ ಮುಖ ನೋಡಿದರು. ಎರಡೂ ಕೈಯಲ್ಲಿ ತುಂಬಿದ ಬಕೆಟ್ ಹಿಡಿದು ನಾನಿನ್ನೂ ಬಾಗಿಲಲ್ಲೇ ಇದ್ದೆ. ಮರುಕ್ಷಣ ಮಾತೆಯನ್ನು ನೂಲಿನ ಬುಟ್ಟಿಯ ಪಕ್ಕ ನೆಲದ ಮೇಲಿಟ್ಟು, ಎರಡೂ ಕೈಯನ್ನು ಅಜ್ಜಿಯ ಬೆನ್ನಿನಡಿ ಕೊಟ್ಟು ಎತ್ತಿಕೊಂಡರು. ಟವೆಲ್ ಹಾಸಲೂ ಪುರುಸೊತ್ತಿರಲಿಲ್ಲ.

ಆಮೇಲೆ ಮಾಡಿದ್ದೆಲ್ಲ ಮನೆಯಲ್ಲಿ ರೋಗಿ ಇರುವವರಿಗೆ ಗೊತ್ತಿರುವಂಥದ್ದೇ. ಟೀಚರ್ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆರಿಗೆ ಎತ್ತಿಕಟ್ಟಿ ನಿಂತರು. ನಾನು ಅಜ್ಜಿಯನ್ನು ಮಗ್ಗುಲಿಗೆ ಹಿಡಿದೆ, ಅವರು ಒರೆಸಿದರು. ಹುಣ್ಣಿನ ಹತ್ತಿರ ಬಂದಾಗ ಅವರ ಕೈ ನಿಂತಿತು. ಕಣ್ಣು ಮುಚ್ಚಿ, ತೆರೆದು, ಮತ್ತೆ ಒರೆಸಿದರು.

"ನಿನ್ ಕೈ ಮೆತ್ತಗಿದೆಯಲ್ಲೇ ಸ್ಟೆಲ್ಲಾ" ಎಂದರು ಅಜ್ಜಿ. "ಮಕ್ಕಳಿಗೆ ಬರೀ ಬೈದೇ ಪಾಠ ಮಾಡಿದೆಯಾ, ಹೊಡೀಲಿಲ್ವಾ?"

"ಹೊಡೆದಿದ್ದೀನಜ್ಜಿ. ಅಲುಗಾಡ್ಬೇಡಿ."

ಒಣಗಿದ ಬಟ್ಟೆ ಹಾಸಿ ಮಲಗಿಸಿದ ಮೇಲೆ ಟೀಚರ್ ಕೈ ತೊಳೆದು ಬಂದು ಮಾತೆಯನ್ನು ಎತ್ತಿಕೊಂಡರು. ಬುಡವನ್ನು ಸೆರಗಿನಿಂದ ಒರೆಸಿ ಅಜ್ಜಿಯ ಮುಖದ ಹತ್ತಿರ ಹಿಡಿದರು. ಅಜ್ಜಿ ಬಹಳ ಹೊತ್ತು ನೋಡಿದರು. ಬೆರಳಿನಿಂದ ಮಾತೆಯ ಪಾದ ಮುಟ್ಟಿದರು.

"ಬಣ್ಣ ಹೊಡೆಸಿದ್ದೀರಾ?"

"ಹೂಂ ಅಜ್ಜಿ, ಹೋದ ವರ್ಷ."

"ತುಟಿಗೆ ಇಷ್ಟೊಂದು ಕೆಂಪ್ಯಾಕೆ? ಮೊದ್ಲೇ ಚೆನ್ನಾಗಿದ್ಲು."

ನಂತರ ತಾವಾಗಿಯೇ ಜಪಸರ ಶುರು ಮಾಡಿದರು. ಗೋಡೆಯಾಚೆ ಮಗ್ಗಗಳು ಓಡುತ್ತಿದ್ದವು, ಅವರ ದನಿ ನಮಗೆ ಕೇಳಿಸಲೇ ಇಲ್ಲ. ತುಟಿ ನೋಡಿಕೊಂಡು ಉತ್ತರ ಹೇಳಿದೆವು. ಯಾವಾಗಲೂ ತಾವೇ ಹೇಳಿಸುವ ಸ್ಟೆಲ್ಲಾ ಟೀಚರ್ ಇನ್ನೊಬ್ಬರಿಗೆ ಉತ್ತರ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹತ್ತು ಮಣಿ ಮುಗಿಯುವಷ್ಟರಲ್ಲಿ ಅಜ್ಜಿಗೆ ನಿದ್ದೆ ಹತ್ತಿತ್ತು.

ಲೂರ್ದಮ್ಮ ಬಂದಾಗ ಟೀಚರ್ ಅಂಗಳದ ನಲ್ಲಿಯ ಕೆಳಗೆ ಅಜ್ಜಿಯ ಬಟ್ಟೆ ಹಿಂಡುತ್ತಿದ್ದರು. "ಅಯ್ಯೋ ಟೀಚರ್, ಬಿಡಿ, ನೀವ್ಯಾಕೆ..." ಎಂದು ಅವಳು ಓಡಿ ಬಂದಳು.

"ಬಾಗಿಲಿಗೆ ದಾರ ಕಟ್ಟೋದೇನೇ? ಒಂದು ಚಿಲಕ ಹಾಕ್ಸೋಕಾಗಲ್ವಾ?" ಎಂದು ಅವಳನ್ನೇ ಗದರಿದರು.

ಬರುವಾಗ ದಾರಿಯಲ್ಲಿ, "ಕೆಳಗಿಟ್ಟಿದ್ದನ್ನ ಯಾರಿಗೂ ಹೇಳ್ಬೇಡ" ಎಂದರು.

"ಇಲ್ಲ ಟೀಚರ್."

"ಹೋಗಿದ್ದನ್ನೂ ಹೇಳ್ಬೇಡ. ಒಂದು ಹೇಳಿದ್ರೆ ಇನ್ನೊಂದೂ ಹೇಳ್ಬೇಕಾಗತ್ತೆ."

ಆ ಸಂಜೆ ಅದೇ ಮಾತೆ ಆಟೋ, ಮೈಕು, ದೀಪಗಳೊಂದಿಗೆ ನಮ್ಮ ಮನೆಗೆ ಬಂದರು. ಟೀಚರ್ ಬೇರೆ ಸೀರೆ ಉಟ್ಟಿದ್ದರು. ಎಂದಿನಂತೆ ಅದೇ ದೊಡ್ಡ ದನಿಯಲ್ಲಿ ಜಪಸರ ಹೇಳಿಸಿದರು. ಮುಗಿದ ಮೇಲೆ ಮೈಕ್ ಬಿಡದೆ ಹೇಳಿದರು: ನಾಳೆಯಿಂದ ಯಾವ ಮನೆಯಲ್ಲೂ ತಿಂಡಿ ಬೇಡ, ಟೀ ಮತ್ತು ಬಿಸ್ಕತ್ತು ಮಾತ್ರ. ಕಮಾನೂ ಬೇಡ. ಯಾರ ಮನೆಯನ್ನೂ ಬಿಡುವುದಿಲ್ಲ. ತಿಂಗಳ ಕೊನೆಯ ದಿನ ಲೂರ್ದಮ್ಮನ ಮನೆ.

ನನ್ನ ಚಿತ್ರಾನ್ನ ತಿನ್ನುತ್ತಲೇ ಗೊಣಗಾಟ ಶುರುವಾಯಿತು. "ತಮ್ಮನೇಲಿ ಬಿರಿಯಾನಿ ಆದ್ಮೇಲೆ ರೂಲ್ಸು ನೋಡ್ರಮ್ಮ." "ಇನ್ಯಾರೂ ತನಗಿಂತ ಚೆನ್ನಾಗಿ ಮಾಡ್ಬಾರ್ದಲ್ಲಾ, ಅದಕ್ಕೆ." "ನಾಳಿದ್ದು ನಮ್ಮನೆ, ಅಡುಗೆಯವರಿಗೆ ಹೇಳೂ ಆಗಿತ್ತು ಕಣ್ರೀ." ಟೀಚರ್‌ಗೆ ಎಲ್ಲವೂ ಕೇಳಿಸುತ್ತಿತ್ತು, ಕೇಳಿಸಲೆಂದೇ ಹೇಳಿದ್ದು. ಆ ಮಧ್ಯಾಹ್ನದ ಒಂದು ಮಾತು ಹೇಳಿದ್ದರೆ ಎಲ್ಲರ ಬಾಯಿ ಮುಚ್ಚುತ್ತಿತ್ತು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಫಿಲೋ, ಉಪ್ಪು ಸ್ವಲ್ಪ ಜಾಸ್ತಿ" ಎಂದರು.

ಅದಾದ ಮೇಲೆ ದಿನವೂ ಮಧ್ಯಾಹ್ನ ಬೀದಿ ಮಲಗಿರುವ ಹೊತ್ತಿನಲ್ಲಿ ಟೀಚರ್ ಆ ಮನೆಗೆ ಹೋಗಿಬರುತ್ತಿದ್ದರು. ಅಜ್ಜಿಯ ಹಾಸಿಗೆ ಬಟ್ಟೆ ಟೀಚರ್ ಮನೆಯ ಹಿತ್ತಿಲ ತಂತಿಯ ಮೇಲೆ ಒಣಗುವುದನ್ನು ನಮ್ಮ ತಾರಸಿಯಿಂದ ನೋಡಿದ್ದೇನೆ. ತಿಂಗಳು ಮುಗಿಯುವುದಕ್ಕೆ ಮುಂಚೆ ಒಂದು ಬೆಳಿಗ್ಗೆ ಲೂರ್ದಮ್ಮನ ಮೆಷಿನ್ನಿನ ಸದ್ದು ಕೇಳಲಿಲ್ಲ.

ಕೊನೆಯ ಸಂಜೆ ಅವಳ ಮನೆಗೆ ಮಾತೆ ಬಂದಾಗ ಮಂಚವಿದ್ದ ಜಾಗದಲ್ಲೇ ಪೀಠವಿಟ್ಟಿದ್ದಳು. ಬಾಗಿಲಿಗೆ ಹೊಸ ಚಿಲಕ ಬಂದಿತ್ತು. ಜನ 'ಬರಲ್ಲ, ಬರಲ್ಲ' ಎನ್ನುತ್ತಲೇ ಬಂದು ಶೆಡ್ಡಿನ ಸೂರಿನಡಿ ನಿಂತರು. ಯಾರೂ ಕೇಳಿರಲಿಲ್ಲ, ಆದರೂ ನಾರಾಯಣಪ್ಪನವರು ಮಗ್ಗಗಳನ್ನೆಲ್ಲ ನಿಲ್ಲಿಸಿ, ಚಪ್ಪಲಿ ಬಿಟ್ಟು ಬಾಗಿಲಲ್ಲಿ ಕೈಮುಗಿದು ನಿಂತರು. ಆ ಬೀದಿಯಲ್ಲಿ ಅಂಥ ನಿಶ್ಶಬ್ದ ನಾನು ಕೇಳಿರಲಿಲ್ಲ. ಟೀಚರ್ ಮೈಕನ್ನು ಲೂರ್ದಮ್ಮನ ಕೈಗೆ ಕೊಟ್ಟರು. ಅವಳಿಗೆ ಅದನ್ನು ಹಿಡಿಯಲು ಬರಲಿಲ್ಲ, ಪಕ್ಕಕ್ಕಿಟ್ಟು ಬರಿಬಾಯಲ್ಲೇ ಶುರು ಮಾಡಿದಳು.

ಮುಂದೆ ನಮ್ಮ ಯಜಮಾನರಿಗೆ ಗೋಡೌನ್ ಕೆಲಸ ಸಿಕ್ಕಿ ನಾವು ನೆಲಮಂಗಲಕ್ಕೆ ಬಂದೆವು. ಸ್ಟೆಲ್ಲಾ ಟೀಚರ್ ಕೊನೆಯವರೆಗೂ ಹಾಗೆಯೇ ಇದ್ದರು. ಅದೇ ದನಿ, ಅದೇ ಅಂಚಿನ ಸೀರೆ, ಚರ್ಚಿನಲ್ಲಿ ಮೊದಲ ಬೆಂಚು. ಎರಡು ವರ್ಷದ ಹಿಂದೆ ತೀರಿಕೊಂಡರು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ತಂಗಿಯ ಮನೆಯಲ್ಲಿ ಟೀ ಕುಡಿಯುವಾಗ ಪಕ್ಕದಲ್ಲಿ ಆ ಬೀದಿಗೆ ಹೊಸದಾಗಿ ಸೊಸೆಯಾಗಿ ಬಂದ ಹುಡುಗಿಯೊಬ್ಬಳು ಕೂತಿದ್ದಳು. ಬಿಸ್ಕತ್ತನ್ನು ತಿರುಗಿಸಿ ಮುರುಗಿಸಿ ನೋಡಿ ಪಿಸುದನಿಯಲ್ಲಿ ಹೇಳಿದಳು. "ಆಂಟಿ, ನಮ್ಮಮ್ಮನ ಊರಲ್ಲಿ ಜಪಸರಕ್ಕೆ ಊಟಾನೇ ಹಾಕ್ತಾರೆ. ಇಲ್ಲಿ ಹಿಂದೆ ಯಾರೋ ಜಿಪುಣಿ ಟೀಚರ್ ಇದ್ರಂತೆ, ಅವ್ರು ಮಾಡಿದ ರೂಲ್ಸಂತೆ ಇದು. ನಿಮಗೆ ಗೊತ್ತಾ ಅವ್ರು?"

ಬಾಗಿಲಲ್ಲಿ ಇನ್ನೊಬ್ಬಳು ನಿಂತಿದ್ದಳು. ಗಂಡನ ಜೊತೆ ಮಗ್ಗದ ಕೆಲಸಕ್ಕೆಂದು ಬಂದು ಒಂದೇ ಕೋಣೆಯಲ್ಲಿ ಬಾಡಿಗೆಗಿರುವವಳು. ಮಾರನೆಯ ದಿನ ಮಾತೆ ಹೋಗಬೇಕಾಗಿದ್ದದ್ದು ಅವಳ ಮನೆಗೆ. ಹೊರಟವರನ್ನೆಲ್ಲ ಒಬ್ಬೊಬ್ಬರಾಗಿ ಕೈಹಿಡಿದು, "ನಾಳೆ ನಮ್ಮನೆ, ತಪ್ಪಿಸ್ಬೇಡಿ, ಎಲ್ರೂ ಬನ್ನಿ" ಎಂದು ಗಟ್ಟಿಯಾಗಿ ಕರೆಯುತ್ತಿದ್ದಳು.

"ಗೊತ್ತಮ್ಮ" ಎಂದೆ. "ಭಾರಿ ಜಿಪುಣಿ."

ಮಾತು ಕೊಟ್ಟಿದ್ದೆನಲ್ಲ. ಬಿಸ್ಕತ್ತನ್ನು ಟೀಯಲ್ಲಿ ಅದ್ದಿಕೊಂಡು ತಿಂದೆ.